ಕಿವಿ ಡಾಕ್ಟರ ಕಿವಿಗೆ ಹೂವು

"ನಿನ್ನ ಕಿವಿ ಇರೋದು ಕನ್ನಡಕ ಸಿಕ್ಕಿಸೋಕೆ ಕಣೋ ತಂತಿ!"

ಡಾಕ್ಟರು ಇಷ್ಟು ಹೇಳಿ ಒಂದು ಗುಟುಕು ಕಾಫಿ ಕುಡಿದರು. ಹೇಳಿದ್ದು ತಮಗೇ ಸಾಲದು ಅನ್ನಿಸಿರಬೇಕು, ಕಪ್ಪು ಕೆಳಗಿಟ್ಟು ಬಾಲ ಸೇರಿಸಿದರು.

"ಓದೋದನ್ನೇ ಬಿಟ್ಟವನಿಗೆ ಕನ್ನಡಕಾನೂ ಯಾಕೆ ಬಿಡು. ಕಿವಿ ಎರಡನ್ನೂ ಬಿಚ್ಚಿ ಯಾರಿಗಾದ್ರೂ ಕೊಟ್ಬಿಡು."

ಕೋಣೆಯಿಡೀ ಗೊಳ್ಳೆಂದಿತು. ವಕೀಲರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬ್ಯಾಂಕಿನವರು ನಗು ಬಾರದಿದ್ದರೂ ಡಾಕ್ಟರ ಸೋಫಾದ ಮೇಲೆ ಕೂತ ದಾಕ್ಷಿಣ್ಯಕ್ಕೆ ನಕ್ಕರು. ತಂತಿಯ ಯಜಮಾನ, ಹೆಡ್‌ಫೋನ್ ಅಂಗಡಿಯವನು, ಗಿರಾಕಿಗಳು ನಗುವಾಗ ತಾನು ಬಿಗಿದುಕೊಂಡಿರಬಾರದು ಅಂತ ಅರ್ಧ ನಕ್ಕು, ಕೆಲಸದವನ ಮುಖ ನೋಡಿ ಉಳಿದರ್ಧ ನುಂಗಿಕೊಂಡ. ಬಾಗಿಲಲ್ಲಿ ಬಿಸ್ಕತ್ತಿನ ತಟ್ಟೆ ಹಿಡಿದು ನಿಂತಿದ್ದ ಡಾಕ್ಟರ ತಾಯಿಯೂ ನಕ್ಕರು. ಆ ಅಜ್ಜಿಗೆ ಕಿವಿ ಪೂರ್ತಿ ಹೋಗಿ ಬಹಳ ಕಾಲವಾಗಿತ್ತು. ಊರಿನ ಕಿವಿಗಳನ್ನೆಲ್ಲ ರಿಪೇರಿ ಮಾಡುವ ಮಗನಿಗೆ ಮನೆಯ ಆ ಎರಡು ಕಿವಿ ಮಾತ್ರ ದಕ್ಕಿರಲಿಲ್ಲ.

ಅವತ್ತು ತಪ್ಪು ತಂತಿಯದೇ ಇತ್ತು. ಅದೇ ಅವನನ್ನು ಹೆಚ್ಚು ಸುಟ್ಟಿದ್ದು.

ಭಾನುವಾರ ಮಧ್ಯಾಹ್ನ ಡಾಕ್ಟರ ಮನೆಯಲ್ಲಿ ಕೇಳುವವರ ಕೂಟ ಸೇರುತ್ತಿತ್ತು. ಒಬ್ಬೊಬ್ಬರೂ ತಮ್ಮ ಹೆಡ್‌ಫೋನನ್ನು ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬರೋರು. ಅಂಗಡಿಯಿಂದ ಹೊಸ ಮಾಲು ತಂದು, ವೈರು ಜೋಡಿಸಿ, ಕೂಟ ಮುಗಿದ ಮೇಲೆ ಸುತ್ತಿಟ್ಟುಕೊಂಡು ಹೋಗುವುದು ತಂತಿಯ ಕೆಲಸ. ಮೈ ಕೈಯೆಲ್ಲ ಎಲುಬೇ ಆದ್ದರಿಂದ ಆ ಹೆಸರು ಬಂದಿತ್ತು, ದಿನವಿಡೀ ಸೋಲ್ಡರ್ ಹೊಗೆಯಲ್ಲಿ ತಂತಿಗಳ ಜೊತೆ ಕೂತಿದ್ದರಿಂದ ಅಂಟಿಕೊಂಡಿತ್ತು. ಡಾಕ್ಟರು ಹೊಸದಾಗಿ ಒಂದು ಹಗುರವಾದ ಹೆಡ್‌ಫೋನ್ ತಂದಿದ್ದರು, ಫೋನಿಗೆ ಚುಚ್ಚಿದರೂ ಗಂಟಲು ಬಿಚ್ಚಿ ಹಾಡುವಂಥದ್ದು. ಅದನ್ನು ಹಾಡಿಗೆ ಬಲ ತುಂಬುವ ತಮ್ಮ ದೊಡ್ಡ ಆಂಪ್ ಪೆಟ್ಟಿಗೆಗೆ ಜೋಡಿಸಿ ಕಣ್ಣು ಮುಚ್ಚಿ ಕೂತಿದ್ದರು. ತಂತಿ ಬ್ಯಾಂಕಿನವರ ಕಿವಿಯಲ್ಲಿ ಪಿಸುಗುಟ್ಟಿದ.

"ಇಷ್ಟು ಹಗುರದ್ದಕ್ಕೆ ಅಷ್ಟು ದೊಡ್ಡ ಆಂಪ್ ಯಾಕೆ ಸಾರ್? ನಮ್ಮಂಗಡಿ ಅಂಗೈಯಗಲದ್ದೇ ಸಾಕು. ಕೇಳಿದ್ರೆ ಒಬ್ಬರಿಗೂ ಗೊತ್ತಾಗಲ್ಲ."

ಅಷ್ಟಕ್ಕೆ ಬಾಯಿ ಮುಚ್ಚಿದ್ದರೆ ಬಚಾವಾಗುತ್ತಿದ್ದ. ಮುಚ್ಚಲಿಲ್ಲ. "ನನಗಾದ್ರೆ ಗೊತ್ತಾಗುತ್ತೆ, ಅದು ಬೇರೆ ಮಾತು," ಅಂದ.

ಡಾಕ್ಟರ ಕಿವಿ ಅದನ್ನು ಹಿಡಿಯಿತು. ದೊಡ್ಡದನ್ನೂ ಚಿಕ್ಕದನ್ನೂ ಪಕ್ಕಪಕ್ಕ ಇಟ್ಟು, ಮೇಲೆ ಹಾಸಿಗೆಯ ಹೊದಿಕೆ ಮುಚ್ಚಿ, "ಬಾರಪ್ಪ ಪಂಡಿತ" ಅಂತ ಕೂರಿಸಿದರು. ತಂತಿ ಇದನ್ನು ಕೇಳಿದ, ಅದನ್ನು ಕೇಳಿದ, ಮತ್ತೆ ಇದನ್ನೇ ಕೇಳಿದ. ಎಲ್ಲರೂ ಕಾದರು. "ಎಡಗಡೆದು ದೊಡ್ಡದು," ಅಂದ. ಹೊದಿಕೆ ಎತ್ತಿದರೆ ಎಡಗಡೆ ಅಂಗೈಯಗಲದ್ದು ಇಲಿಮರಿಯ ಹಾಗೆ ಮುದುಡಿ ಕೂತಿತ್ತು.

ಕೇಬಲ್ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿಯುವಾಗ, ಅರ್ಧದಲ್ಲಿ, ತಲೆಗೆ ಹೊಳೆಯಿತು. ಗೊತ್ತಾಗಲ್ಲ ಅಂದವನು ನಾನು. ಗೊತ್ತಾಗಲಿಲ್ಲ ಅಂದ ಮೇಲೆ ಗೆದ್ದಿದ್ದೂ ನಾನೇ ಅಲ್ವಾ? ಒಂದೇ ಒಂದು ಮಾತು! ಅದನ್ನು ಅಲ್ಲೇ ಹೇಳಿದ್ದರೆ ವಕೀಲರ ನಗು ಅವರ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಆದರೆ ಅವನ ಬಾಯಿಗೆ ಮಾತು ಬರುವುದು ಯಾವಾಗಲೂ ಮೆಟ್ಟಿಲ ಮೇಲೆ. ಶಾಲೆಯಲ್ಲೂ ಹಾಗೇ ಆಗಿತ್ತು.

ಮನೆ ಅಂದರೆ ಒಂದು ಕೋಣೆ, ಅದರೊಳಗೆ ಅಡುಗೆಮನೆಯ ಹೆಸರು ಹೊತ್ತ ಒಂದು ಮೂಲೆ. ಅಕ್ಕ ಹೊಲಿಗೆ ಕಾರ್ಖಾನೆಯಲ್ಲಿ ಭಾನುವಾರದ ಓವರ್‌ಟೈಮ್ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದಳು. ತಂತಿ ಮಂಚದ ಮೇಲೆ ಮಲಗಿ ತನ್ನ ಹೆಡ್‌ಫೋನ್ ಏರಿಸಿಕೊಂಡ. ಯಾರೋ ಗಿರಾಕಿ ಕೆಟ್ಟಿತೆಂದು ಬಿಟ್ಟುಹೋದದ್ದು, ಅವನೇ ಕೂತು ಸರಿಮಾಡಿದ್ದು. ಹಳೇ ಕಾಲದ್ದು, ಭಾರದ್ದು, ಎಷ್ಟು ಕಸುವು ಕೊಟ್ಟರೂ ಸಾಲದ ಮಹಾ ಹೊಟ್ಟೆಬಾಕ. ಫೋನಿಗೆ ಜೋಡಿಸಿದರೆ ಪಕ್ಕದ ಮನೆಯಲ್ಲಿ ಯಾರೋ ಹಾಡಿದಷ್ಟೇ ಕೇಳಿಸುತ್ತಿತ್ತು. "ಹೆಡ್‌ಫೋನಿಗೂ ಆಂಪಿಗೂ ಸಂಬಂಧ ಕೂಡಿಸೋದೇ ನಮ್ಮ ಕಸುಬು ಕಣೋ," ಅಂತ ಯಜಮಾನ ಹೇಳೋನು. "ನಾನು ಮದುವೆ ದಲ್ಲಾಳಿ ಇದ್ದ ಹಾಗೆ." ತಂತಿಯ ಹೆಡ್‌ಫೋನಿಗೆ ಮಾತ್ರ ಸಂಬಂಧ ಬಂದಿರಲಿಲ್ಲ. ಅದಕ್ಕೆ ತಕ್ಕ ಗಂಡು ಡಾಕ್ಟರ ಮನೆಯಲ್ಲಿ, ಫೋನಿನಲ್ಲೇ ಹಾಡುವ ಹಗುರದ ಹುಡುಗಿಯ ಜೊತೆ ಸಂಸಾರ ಮಾಡಿಕೊಂಡಿತ್ತು.

ಆ ಯೋಚನೆ ಬಂದದ್ದು ಅಲ್ಲಿಂದಲೇ. ಮೊದಲು ಬರೀ ಯೋಚನೆಯಾಗಿತ್ತು. ಡಾಕ್ಟರ ಪೆಟ್ಟಿಗೆ ಅಂಥಿಂಥದ್ದಲ್ಲ. ಹಾಡು ಅಂಕಿಗಳಾಗಿ ಒಳಗೆ ಬಂದರೆ ಅದನ್ನು ಕಿವಿಗೆ ಕೇಳುವ ಅಲೆಯಾಗಿ ತಿರುಗಿಸುವ ಕನ್ವರ್ಟರ್, ಆ ಅಲೆಗೆ ಕಸುವು ತುಂಬುವ ಆಂಪ್, ಎರಡೂ ಒಂದೇ ಹೊಟ್ಟೆಯಲ್ಲಿ. ತೀರಿಹೋದ ಒಬ್ಬ ಕುಶಲಿ ಕೈಯಾರೆ ಕಟ್ಟಿದ್ದು. ಅಂಥದ್ದು ಇನ್ನೊಂದು ಸಿಗುವುದಿಲ್ಲ. ಅದರ ಕರುಳು ತೆಗೆದು, ಆ ಜಾಗದಲ್ಲಿ ಉಗುರಗಲದ ಎಲೆಕ್ಟ್ರಾನಿಕ್ ಚಿಪ್ ಇರುವ ಬೋರ್ಡು ಕೂರಿಸಿ, ಮುಚ್ಚಳ ಹಾಕಿ, ಅದೇ ಮೇಜಿನ ಮೇಲಿಟ್ಟರೆ? ಊರಿಗೆಲ್ಲ ಕೇಳುವುದನ್ನು ಕಲಿಸುವ ಆ ಮನುಷ್ಯ ದಿನಾ ಅದರ ಮುಂದೆ ಕಣ್ಣು ಮುಚ್ಚಿ ಕೂತು ತಲೆದೂಗಿದರೆ? ಕಿವಿ ಡಾಕ್ಟರ ಕಿವಿಗೇ ಹೂವು!

ಯೋಚಿಸಿಯೇ ಅರ್ಧ ಹೊಟ್ಟೆ ತಣ್ಣಗಾಯಿತು. ಇನ್ನರ್ಧ ಆಗಲಿಲ್ಲ.

ಅವಕಾಶ ತಾನಾಗಿ ಬಾಗಿಲು ತಟ್ಟಿತು. ಒಂದು ಬೆಳಿಗ್ಗೆ ಯಜಮಾನ ಫೋನಿಟ್ಟು ಅಂದ, "ಲೋ ತಂತಿ, ಡಾಕ್ಟರ ಪೆಟ್ಟಿಗೆ ವಾಲ್ಯೂಮ್ ತಿರುಗಿಸಿದ್ರೆ ಕರಕರ ಅಂತಂತೆ. ಹೋಗಿ ತಗೊಂಬಾ."

"ಬೇರೆ ಯಾರನ್ನಾದ್ರೂ ಕಳಿಸಣ್ಣ."

"ಬೇರೆ ಯಾರಿದಾರೋ ಇಲ್ಲಿ? ನಾನು, ನೀನು, ಆ ಫ್ಯಾನು." ಯಜಮಾನ ಆಮೇಲೆ ಮೆತ್ತಗೆ ಹೇಳಿದ. "ಅವತ್ತಿಂದು ಮನಸ್ಸಲ್ಲಿ ಇಟ್ಕೋಬೇಡ. ಡಾಕ್ಟ್ರು ಮೊದ್ಲು, ಆ ಹುಡುಗ ಬೇಡ, ಬೇರೆ ಕಡೆ ಕೊಡ್ತೀನಿ ಅಂದ್ರು. ನಾನೇ ಹೇಳ್ದೆ, ಅವನ ಕೈ ನನ್ನ ಕೈ ಇದ್ದ ಹಾಗೆ ಡಾಕ್ಟ್ರೇ, ಹೆಚ್ಚುಕಮ್ಮಿಯಾದ್ರೆ ನನ್ನನ್ನ ಕೇಳಿ ಅಂತ."

ಆ ಮಾತನ್ನು ತಂತಿ ಕೇಳಿಸಿಕೊಳ್ಳದವನ ಹಾಗೆ ಎದ್ದುಹೋದ. ಕೇಳಿಸಿಕೊಂಡಿದ್ದರೆ ಅಲ್ಲೇ ನಿಲ್ಲಬೇಕಾಗಿತ್ತು. ಶಾಲೆ ಬಿಟ್ಟು ಬೀದಿ ಅಳೆಯುತ್ತಿದ್ದವನನ್ನು ಕರೆದು ರಿಪೇರಿ ಬೆಂಚು ಕೊಟ್ಟು ಬೆಸುಗೆಯ ಐರನ್ ಹಿಡಿಯುವುದು ಕಲಿಸಿದವನು ಯಜಮಾನ. ಸಿಕ್ಕಿಬಿದ್ದರೆ ಬೆಂಚು ಹೋಗುತ್ತದೆ, ಅದು ಸರಿ. ಯಜಮಾನ ಈ ಊರಲ್ಲಿ ಮುಖವೆತ್ತಿ ಅಂಗಡಿ ತೆರೆಯುವ ಹಾಗೂ ಇರುವುದಿಲ್ಲ. ಆದರೆ ಸಿಕ್ಕಿಬೀಳುವ ಪ್ರಶ್ನೆಯೇ ಇಲ್ಲವಲ್ಲ!

ಡಾಕ್ಟರು ಆಸ್ಪತ್ರೆಗೆ ಹೋಗಿದ್ದರು. ಬಾಗಿಲು ತೆರೆದವರು ಅಜ್ಜಿ.

"ಬಾರೋ ಮಗಾ," ಅಂದರು, ತಮ್ಮ ದನಿ ತಮಗೇ ಕೇಳದವರ ಗಟ್ಟಿ ದನಿಯಲ್ಲಿ. ಅವನು ಕೈಸನ್ನೆಯಲ್ಲಿ ಪೆಟ್ಟಿಗೆ ತೋರಿಸಿದ. ತಲೆಯಾಡಿಸಿದರು. ಅವನು ವೈರು ಬಿಚ್ಚುವಷ್ಟು ಹೊತ್ತೂ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತರು. ಏಳುವಾಗ ಅವನ ಮೊಣಕೈ ಹಿಡಿದು ನಿಲ್ಲಿಸಿದರು.

"ಅವತ್ತು ಇವನು ನಿನಗೇನೋ ಅಂದ. ಎಲ್ಲ ನಕ್ಕರು. ಎಲ್ಲ ನಗ್ತಾರಲ್ಲ ಅಂತ ನಾನೂ ನಕ್ಕೆ. ಆಮೇಲೆ ನಿನ್ನ ಮುಖ ನೋಡ್ದೆ. ಏನು ಅಂದ ಅಂತ ಇವನ್ನ ಕೇಳಿದ್ರೆ, ತಮಾಷೆ ಕಣಮ್ಮ ಅಂತ ಬರೆದು ತೋರಿಸ್ತಾನೆ. ತಮಾಷೆ ಆದ್ರೆ ನೀನ್ಯಾಕೆ ನಗಲಿಲ್ಲ?"

ತಂತಿ ಪೆಟ್ಟಿಗೆಯ ಕಡೆ ಬಗ್ಗಿದ. ಏನು ಹೇಳಿದರೂ ಅಜ್ಜಿಗೆ ಕೇಳುತ್ತಿರಲಿಲ್ಲ ಅನ್ನುವುದು ಅವನಿಗೆ ಒಳ್ಳೆಯದೇ ಆಯಿತು. ಅಜ್ಜಿ ಬಿಸ್ಕತ್ತಿನ ಪೊಟ್ಟಣವೊಂದನ್ನು ಅವನ ಅಂಗಿ ಜೇಬಿಗೆ ತುರುಕಿದರು. ಪೆಟ್ಟಿಗೆ ಹೊತ್ತು ಬೀದಿಗಿಳಿದಾಗ ಅದು ಎದೆಗೆ ಒತ್ತಿ ಪುಡಿಯಾಯಿತು. ಮುದುಕಿ ಇಷ್ಟು ಒಳ್ಳೆಯವಳಾಗಿ ಯಾಕಿರಬೇಕು ಅಂತ ಅವನಿಗೆ ಸಿಟ್ಟು ಬಂತು. ಆ ಸಿಟ್ಟನ್ನೂ ಡಾಕ್ಟರ ತಲೆಗೇ ಕಟ್ಟಿದ.

ಪೆಟ್ಟಿಗೆ ತಂದ ಕೆಲವು ದಿನಕ್ಕೆ ಅಂಗಡಿಗೆ ವಾರದ ರಜೆಯ ದಿನ ಬಂತು. ಯಜಮಾನ ಮದುವೆಯಾದ ಮಗಳ ಮನೆಗೆ ಹೋಗಿದ್ದ. ತಂತಿ ಶಟರನ್ನು ಮೊಣಕಾಲೆತ್ತರ ಎತ್ತಿ, ನುಸುಳಿ ಒಳಗೆ ಹೋಗಿ ಎಳೆದುಕೊಂಡ. ಹಗಲು ಹೊತ್ತು, ಹೊರಗೆ ಗಾಡಿಗಳ ಸದ್ದು. ಯಾರಾದರೂ ಕೇಳಿದರೆ ರಜೆಯಲ್ಲೂ ಕೆಲಸ ಮಾಡುವ ನಿಯತ್ತಿನ ಹುಡುಗ. ಕಳ್ಳತನಕ್ಕೆ ಇದಕ್ಕಿಂತ ಒಳ್ಳೆಯ ಮುಸುಕು ಇಲ್ಲ.

ವಾಲ್ಯೂಮಿನ ಕರಕರವನ್ನು ಮೊದಲು ಸರಿಮಾಡಿದ. ಒಪ್ಪಿಕೊಂಡ ಕೆಲಸ ಒಪ್ಪಿಕೊಂಡ ಕೆಲಸವೇ. ಧೂಳು ಊದಿ, ದ್ರಾವಣ ಬಿಟ್ಟು, ನಾಬನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ಬೆಣ್ಣೆಯ ಹಾಗೆ ಮಾಡಿದ. ಆಮೇಲೆ ಒಳಗೆ ಕೈ ಹಾಕಿದ.

ಹಿಂದಿನ ಕೆಲವು ಸಂಜೆ ಅವನು ರದ್ದಿ ಡಬ್ಬದಿಂದ ಆಯ್ದ ಬಿಡಿಭಾಗಗಳಲ್ಲಿ ಬದಲಿ ಬೋರ್ಡು ಕಟ್ಟಿಟ್ಟಿದ್ದ. ಇಡೀ ಬೋರ್ಡು ಬೆಂಕಿಪೊಟ್ಟಣದ ಗಾತ್ರ. ಅದನ್ನು ಪರೀಕ್ಷಿಸಲು ತನ್ನ ಹೊಟ್ಟೆಬಾಕ ಹೆಡ್‌ಫೋನನ್ನೇ ಜೋಡಿಸಿದ್ದ. ಚೆನ್ನಾಗಿಯೇ ಹಾಡಿತ್ತು. ಬಹಳ ಚೆನ್ನಾಗಿ ಹಾಡಿತ್ತು. ಒಂದು ಕ್ಷಣ ಹೆಡ್‌ಫೋನ್ ತೆಗೆದು ಆ ಬೋರ್ಡನ್ನೇ ನೋಡಿದ್ದ. ಇದನ್ನೇ ನಾನಿಟ್ಟುಕೊಂಡರೆ ಆಯಿತಲ್ಲ, ಯಾರ ಮನೆಗೂ ಕನ್ನ ಹಾಕುವುದು ಬೇಡವಲ್ಲ ಅಂತ ಒಳಗೊಂದು ದನಿ ಅಂದಿತ್ತು. ಅಷ್ಟರಲ್ಲಿ ವಕೀಲರ ನಗು ನೆನಪಾಗಿ ಆ ದನಿಯ ಬಾಯಿ ಮುಚ್ಚಿಸಿದ್ದ.

ಈಗ ಒಂದೊಂದಾಗಿ ಯೋಚಿಸಿದ. ಕಣ್ಣಿಗೆ: ಮುಂದಿನ ಕೆಂಪು ದೀಪ ಅದೇ ದೀಪ, ನಾಬು ಅದೇ ನಾಬು, ತಳದ ಸ್ಕ್ರೂಗಳ ಮೇಲಿನ ಹಳೆ ಬಣ್ಣದ ಚುಕ್ಕೆ ಕೂಡ ಅದೇ ಬಣ್ಣದಲ್ಲಿ ಮತ್ತೆ. ಎತ್ತಿದರೆ: ದೊಡ್ಡ ಟ್ರಾನ್ಸ್‌ಫಾರ್ಮರ್ ತೆಗೆದ ಜಾಗಕ್ಕೆ ಗುಜರಿಯಿಂದ ತಂದ ಕಬ್ಬಿಣದ ಪಟ್ಟಿಗಳು, ತಕ್ಕಡಿಯಲ್ಲಿಟ್ಟು ಸರಿದೂಗಿಸಿ, ಅಲುಗದ ಹಾಗೆ ಬಿಗಿದದ್ದು. ಹಳೆಯದು ಸ್ವಿಚ್ಚು ಹಾಕಿದ ಸ್ವಲ್ಪ ಹೊತ್ತಿಗೆ ಒಳಗಿನಿಂದ 'ಟಕ್' ಅನ್ನುತ್ತಿತ್ತು. ಆ 'ಟಕ್' ಆಗದೆ ಡಾಕ್ಟರು ಹೆಡ್‌ಫೋನ್ ಏರಿಸುವುದಿಲ್ಲ. ಹೊಸ ಬೋರ್ಡಿಗೆ ಅದರ ಅಗತ್ಯವೇ ಇಲ್ಲ. ಆದರೂ ತಾನಾಗಿ ಬಡಿದುಕೊಳ್ಳುವ ಒಂದು ರಿಲೇ ಸ್ವಿಚ್ಚು ಕೂರಿಸಿ, ತಡ ಮಾಡಿಸಿ, ಟಕ್ ಅನ್ನಿಸಿದ. ಕೆಲಸವೇ ಇಲ್ಲದ ಆ ಸದ್ದಿಗೆ ಅವನು ಪಟ್ಟ ಪಾಡು ಇಡೀ ಬೋರ್ಡಿಗೆ ಪಟ್ಟಿರಲಿಲ್ಲ.

ಕಿವಿಗೆ? ಅಲ್ಲಿಯೇ ಅವನ ಜಾಣತನ ಇದ್ದದ್ದು. ಎರಡರಲ್ಲಿ ಯಾವುದು ಕೂದಲೆಳೆಯಷ್ಟು ಜೋರಾಗಿದೆಯೋ ಅದನ್ನೇ ಕಿವಿ ಒಳ್ಳೆಯದು ಅನ್ನುತ್ತದೆ. ಜೋರು ಅಂತ ಗೊತ್ತಾಗುವುದಿಲ್ಲ, ಜೀವ ಬಂದಿದೆ ಅನ್ನಿಸುತ್ತದೆ. ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ, ಯಾರೂ ಬಾಯಿಬಿಡದ ವಿಷಯ ಅದು. ಮೀಟರು ಹಿಡಿದು, ನಾಬು ಎಲ್ಲಿ ನಿಂತರೆ ಎಷ್ಟು ಸದ್ದು ಅನ್ನುವುದನ್ನು ಹಳೆಯದಕ್ಕೆ ಸಮ ಮಾಡಿದ. ಆಮೇಲೆ ಆ ಕೂದಲೆಳೆಯನ್ನು ಸೇರಿಸಿದ.

ಒಂದೇ ಒಂದು ಕೈಗೆ ಸಿಗಲಿಲ್ಲ. ಹಳೆಯದು ಹಾಡು ಇಲ್ಲದಾಗ ಹಿಂದೆ ಸಣ್ಣಗೆ 'ಸ್ಸ್' ಅನ್ನುತ್ತಿತ್ತು. ದೊಡ್ಡ ಆಂಪಿಗೆ ಸೂಕ್ಷ್ಮ ಹೆಡ್‌ಫೋನ್ ಹಾಕಿದರೆ ಆಗುವುದೇ ಹಾಗೆ. ಹೊಸದು ಪೂರ್ತಿ ಮೌನವಾಗಿತ್ತು. ತುಂಬಾ ಹೊತ್ತು ಒದ್ದಾಡಿ, ಕೊನೆಗೆ ಅದಕ್ಕೂ ಉತ್ತರ ಕಂಡುಕೊಂಡ. ಕೇಳಿದರೆ, ನಾಬು ಕ್ಲೀನ್ ಮಾಡಿದ್ದಕ್ಕೆ ಹೋಯ್ತು ಸಾರ್, ಅಂದರಾಯಿತು.

ಹಳೆಯ ಬೋರ್ಡು ಬಿಚ್ಚುವಾಗ ಕತ್ತರಿ ಹಾಕಲಿಲ್ಲ. ಒಂದೊಂದೇ ಬೆಸುಗೆ ಕರಗಿಸಿ ಬಿಡಿಸಿದ. ಸತ್ತ ಕುಶಲಿ ತಂತಿಗಳನ್ನು ಮೇಣದ ದಾರದಲ್ಲಿ ಗಂಟು ಹಾಕಿ ಕಟ್ಟಿದ್ದ, ಚಿಕ್ಕ ಹುಡುಗಿಯ ಜಡೆಯ ಹಾಗೆ. ಬೋರ್ಡಿನ ಮೂಲೆಯ ವಾರ್ನಿಶ್ಶಿನಲ್ಲಿ ಒಂದು ಹೆಬ್ಬೆರಳಿನ ಗುರುತು ಒಣಗಿ ನಿಂತಿತ್ತು. ಅದರ ಮೇಲೆ ತನ್ನ ಹೆಬ್ಬೆರಳು ಬೀಳದ ಹಾಗೆ ಹಿಡಿದು, ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದ.

ಪೆಟ್ಟಿಗೆ ವಾಪಸ್ಸು ಕೊಟ್ಟ ದಿನ ಡಾಕ್ಟರು ಮನೆಯಲ್ಲೇ ಇದ್ದರು. ಮಾತಾಡಿಸಲಿಲ್ಲ. ಸ್ವಿಚ್ಚು ಹಾಕಿ, 'ಟಕ್' ಅನ್ನುವವರೆಗೆ ಕಾದು, ಹೆಡ್‌ಫೋನ್ ಏರಿಸಿ ಕಣ್ಣು ಮುಚ್ಚಿದರು. ತಂತಿ ಗೋಡೆಗೆ ಆತು ನಿಂತ. ತನ್ನ ಎದೆಯ ಬಡಿತ ಆ ಮನುಷ್ಯನಿಗೆ ಹೆಡ್‌ಫೋನ್ ದಾಟಿ ಕೇಳಿಸುತ್ತಿದೆ ಅನ್ನಿಸಿತು. ಡಾಕ್ಟರ ಹುಬ್ಬು ಗಂಟಾಯಿತು. ಹೆಡ್‌ಫೋನ್ ತೆಗೆದರು.

"ಇದರ ಹಿಂದೆ ಒಂದು ಸ್ಸ್ ಅಂತಿತ್ತು. ಎಲ್ಲಿ ಅದು?"

"ನಾಬು ಕ್ಲೀನ್ ಮಾಡಿದ್ದಕ್ಕೆ ಹೋಗಿರಬೇಕು ಸಾರ್."

ಡಾಕ್ಟರು ಅವನನ್ನು ನೋಡಿದರು. ನಾಬನ್ನು ನೋಡಿದರು. ಮತ್ತೆ ಹೆಡ್‌ಫೋನ್ ಏರಿಸಿದರು. ಹಾಡು ಮುಗಿಯುವವರೆಗೂ ಕಣ್ಣು ತೆರೆಯಲಿಲ್ಲ. ತೆರೆದಾಗ ರೆಪ್ಪೆ ಒದ್ದೆಯಾಗಿತ್ತು.

ತಂತಿ ಗೆದ್ದಿದ್ದ. ಬೀದಿಯಲ್ಲಿ ಕುಣಿಯಬೇಕು ಅನ್ನಿಸುವಷ್ಟು ಗೆದ್ದಿದ್ದ. ಬಸ್ ನಿಲ್ದಾಣ ತಲುಪುವಷ್ಟರಲ್ಲಿ ಆ ಗೆಲುವನ್ನು ಯಾರಿಗೆ ಹೇಳುವುದು ಅನ್ನುವ ಯೋಚನೆ ಬಂತು. ಹೇಳಿದರೆ ಜೈಲು. ಹೇಳದಿದ್ದರೆ, ಅವನ ಕಿವಿ ಕನ್ನಡಕದ ಗೂಟ ಅಂತ ನಂಬಿದವರೆಲ್ಲ ಹಾಗೆಯೇ ನಂಬಿಕೊಂಡಿರುತ್ತಾರೆ. ಯೋಜನೆ ಹಾಕುವಾಗ ಅವನ ಯೋಚನೆ ಇಲ್ಲಿಯವರೆಗೆ ಬಂದೇ ಇರಲಿಲ್ಲ.

ಮನೆಯಲ್ಲಿ ಹಳೆ ಮರದ ಟ್ರಂಕಿನ ಹಲಗೆಗಳಿಂದ ಪೆಟ್ಟಿಗೆ ಮಾಡಿ, ಕದ್ದ ಬೋರ್ಡನ್ನೂ ಟ್ರಾನ್ಸ್‌ಫಾರ್ಮರನ್ನೂ ಕೂರಿಸಿ ಮಂಚದ ಕೆಳಗಿಟ್ಟ. ಹೊಟ್ಟೆಬಾಕನಿಗೆ ಕೊನೆಗೂ ಮದುವೆಯಾಯಿತು. ಏರಿಸಿಕೊಂಡು ಕೂತ. ಗಂಭೀರವಾಗಿತ್ತು, ತುಂಬಿಕೊಂಡಿತ್ತು. ಆದರೆ ಬೆಂಕಿಪೊಟ್ಟಣದ ಬೋರ್ಡಿನಲ್ಲಿ ಕೇಳಿದ್ದಕ್ಕಿಂತ ಬೇರೆಯಾಗಿತ್ತೇ? ಹೌದು ಅನ್ನಲು ಬಾಯಿ ತೆರೆದ. ಆಣೆ ಮಾಡಿ ಹೇಳು ಅಂದಿದ್ದರೆ ಹೇಳಲಾಗುತ್ತಿರಲಿಲ್ಲ. ಕೇಳಿಸದ ವ್ಯತ್ಯಾಸಕ್ಕಾಗಿ ಕಳ್ಳನಾಗಿದ್ದ.

"ನನಗೂ ಕೊಡೋ ಒಂಚೂರು," ಅಂದಳು ಅಕ್ಕ. ಇಡೀ ದಿನ ಹೊಲಿಗೆ ಯಂತ್ರಗಳ ನಡುವೆ ಇದ್ದ ಕಿವಿ. ಏರಿಸಿದ. ಅವಳ ಮುಖದ ಗಂಟುಗಳು ಒಂದೊಂದಾಗಿ ಬಿಚ್ಚಿದವು.

"ಹಾಡೋಳು ಉಸಿರು ಎಳ್ಕೊಳ್ಳೋದೂ ಕೇಳುತ್ತೆ ಕಣೋ!" ಕಿವಿ ಮುಚ್ಚಿದ್ದರಿಂದ ಕಿರುಚಿಯೇ ಹೇಳಿದಳು. "ಎಲ್ಲಿಂದ ತಂದೆ?"

"ಯಾರೋ ಬಿಸಾಕಿದ್ದು."

"ಇಂಥಾದ್ದನ್ನ ಬಿಸಾಕ್ತಾರಾ? ಎಂಥಾ ಜನಾನೋ!" ಒಂದು ಕ್ಷಣ ಬಿಟ್ಟು ಅಂದಳು, "ಅವರು ಬಿಸಾಕಿದ್ದನ್ನ ನೀನು ಎತ್ತಿ ಸರಿ ಮಾಡ್ತೀಯಲ್ಲ, ಅದೇ ಸಾಕು ಬಿಡು. ಕದ್ದು ತಿನ್ನೋರ ಮಧ್ಯೆ."

ತಂತಿ ನೀರು ಕುಡಿಯುವ ನೆಪದಲ್ಲಿ ಎದ್ದುಹೋದ. ಆಮೇಲೆ ಅವನು ಆ ಹೆಡ್‌ಫೋನ್ ಏರಿಸಿದಾಗಲೆಲ್ಲ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ 'ಸ್ಸ್' ಕೇಳುತ್ತಿತ್ತು. ಭಾರದ ಹೆಡ್‌ಫೋನಿನಲ್ಲಿ ಅದು ಕೇಳುವ ಹಾಗೇ ಇಲ್ಲ, ಕಸುಬು ಬಲ್ಲವನಿಗೆ ಅದು ಗೊತ್ತು. ಆದರೂ ಕೇಳುತ್ತಿತ್ತು. ಯಾರೋ ಬಾಯಿಗೆ ಬೆರಳಿಟ್ಟು, ಸುಮ್ಮನಿರು, ಯಾರಿಗೂ ಹೇಳಬೇಡ ಅಂದ ಹಾಗೆ.

ಭಾನುವಾರದ ಕೂಟಕ್ಕೆ ಹೋಗಲು ಕಾಲೇಳಲಿಲ್ಲ. ಯಜಮಾನ ಬಿಡಲಿಲ್ಲ. "ನಿನ್ನನ್ನೇ ಕರ್ಕೊಂಬಾ ಅಂದಿದಾರೆ ಡಾಕ್ಟ್ರು," ಅಂದ. ತಂತಿ ಕೇಬಲ್ ಚೀಲ ಹೆಗಲಿಗೇರಿಸಿದ.

ವಕೀಲರು, ಬ್ಯಾಂಕಿನವರು, ಎಲ್ಲ ಅವರವರ ಜಾಗದಲ್ಲಿದ್ದರು. ಮೇಜಿನ ಮೇಲೆ ಕೆಂಪು ದೀಪ ಹೊತ್ತಿಸಿಕೊಂಡು ಪೆಟ್ಟಿಗೆ ಕೂತಿತ್ತು. ಡಾಕ್ಟರು ಎದ್ದು ಬಂದು ತಂತಿಯ ಹೆಗಲ ಮೇಲೆ ಕೈ ಹಾಕಿ ಎಲ್ಲರ ಮುಂದೆ ನಿಲ್ಲಿಸಿದರು.

"ಅವತ್ತೊಂದು ಭಾನುವಾರ ಇವನ ಕಿವಿ ಬಗ್ಗೆ ನಾನೊಂದು ಮಾತಾಡಿದೆ. ನೀವೆಲ್ಲ ನಕ್ಕಿರಿ. ಇವನು ನನ್ನ ಪೆಟ್ಟಿಗೆ ಕ್ಲೀನ್ ಮಾಡಿ ಕೊಟ್ಟ ಮೇಲೆ ಕೇಳಿ ನೋಡಿ. ಪರದೆ ಎತ್ತಿದ ಹಾಗಿದೆ! ಇಷ್ಟು ವರ್ಷ ಕೇಳಿದ ಹಾಡಲ್ಲಿ ನಾನು ಕೇಳದೇ ಇದ್ದದ್ದು ಕೇಳ್ತಿದೆ. ಕಿವಿ ಇಲ್ಲದವನ ಕೈಯಲ್ಲಿ ಇದು ಆಗೋ ಕೆಲಸ ಅಲ್ಲ. ಅವತ್ತಿನ ಮಾತು ನಾನು ವಾಪಸ್ ತಗೋತೀನಿ. ತಪ್ಪಾಯ್ತು ಕಣಪ್ಪ."

ವಕೀಲರು ಹೆಡ್‌ಫೋನ್ ಏರಿಸಿ, ಕೇಳಿ, "ಅಬ್ಬಬ್ಬಾ!" ಅಂದರು. ಬ್ಯಾಂಕಿನವರು ಈ ಸಲ ನಿಜವಾಗಿ ನಕ್ಕರು. ಯಜಮಾನ ಜೇಬಿನಿಂದ ಕರ್ಚೀಫು ತೆಗೆದು ಮೂಗು ಒರೆಸುವ ನೆಪದಲ್ಲಿ ಕಣ್ಣೊರೆಸಿಕೊಂಡ. ಬೇಕಾಗಿದ್ದುದೆಲ್ಲ ಒಂದೇ ಸಲಕ್ಕೆ ಸಿಕ್ಕಿಬಿಟ್ಟಿತ್ತು, ಅದೇ ಕೋಣೆಯಲ್ಲಿ, ಅದೇ ಜನರ ಮುಂದೆ. ತಂತಿ ಪೆಟ್ಟಿಗೆಯನ್ನೇ ನೋಡಿದ. ಇವತ್ತೇ. ಇವತ್ತೇ ಹೊತ್ತುಕೊಂಡು ಹೋಗಿ, ಎಲ್ಲ ಮೊದಲಿನ ಹಾಗೆ ಕೂರಿಸಿ ತಂದಿಟ್ಟುಬಿಡಬೇಕು. ಯಾರಿಗೂ ತಿಳಿಯದ ಹಾಗೆ ಕದ್ದವನಿಗೆ ಯಾರಿಗೂ ತಿಳಿಯದ ಹಾಗೆ ಕೊಡುವುದು ಏನು ಕಷ್ಟ?

"ಸಾರ್, ಇನ್ನೊಂದೇ ಸಲ ಅಂಗಡಿಗೆ ತಗೊಂಡು ಹೋಗ್ತೀನಿ. ಒಂದು ಚೂರು ಕೆಲಸ ಉಳಿದಿದೆ."

"ಮುಟ್ಟಿದ್ರೆ ಕೈ ಮುರೀತೀನಿ!" ಡಾಕ್ಟರು ಪ್ರೀತಿಯಿಂದ ಗದರಿದರು. "ಇದಕ್ಕಿಂತ ಚೆನ್ನಾಗಿ ಮಾಡೋಕೆ ಏನಿದೆಯೋ? ಹೀಗೇ ಇರಲಿ ಅದು."

"ಒಂದೇ ದಿನ ಸಾರ್. ದಯವಿಟ್ಟು."

"ನೋಡಿದ್ರಾ? ಇದಕ್ಕೆ ಹೇಳೋದು ಕೆಲಸಗಾರ ಅಂತ. ತೃಪ್ತೀನೇ ಇಲ್ಲ!" ಅಂದರು ವಕೀಲರು. ಡಾಕ್ಟರು ಅವನ ಭುಜ ಒತ್ತಿ ಸೋಫಾದ ತಮ್ಮ ಜಾಗದಲ್ಲೇ ಕೂರಿಸಿದರು. ತಂತಿ ಬಾಯಿ ತೆರೆದ. ಇವತ್ತು ಮೆಟ್ಟಿಲಿನವರೆಗೆ ಕಾಯದೆ ಇಲ್ಲೇ ಹೇಳಿಬಿಡಬೇಕು ಅಂತ ತೆರೆದ. ಎದುರಿಗೆ ಯಜಮಾನ ಕರ್ಚೀಫು ಮಡಿಸುತ್ತ ನಗುತ್ತಿದ್ದ. ಬಾಯಿ ಮುಚ್ಚಿಕೊಂಡ.

ಅಷ್ಟರಲ್ಲಿ ಅಜ್ಜಿ ಒಳಗೆ ಬಂದರು. ಯಾರ ಮುಖವನ್ನೂ ನೋಡದೆ ಸೀದಾ ಮೇಜಿನ ಹತ್ತಿರ ಹೋಗಿ, ಎರಡೂ ಅಂಗೈಗಳನ್ನು ಪೆಟ್ಟಿಗೆಯ ಮುಚ್ಚಳದ ಮೇಲೆ ಅಗಲಿಸಿ ಇಟ್ಟು ನಿಂತರು. ಸ್ವಲ್ಪ ಹೊತ್ತು ಕಾದು, ತಂತಿಯ ಕಡೆ ತಿರುಗಿದರು.

"ಮಗಾ, ನೀನೇ ಅಲ್ವಾ ಇದನ್ನ ರಿಪೇರಿ ಮಾಡಿದ್ದು? ಇದು ಕಾಯೋದೇ ಇಲ್ವಲ್ಲೋ ಈಗ. ಇವನು ಆಸ್ಪತ್ರೆಗೆ ಹೋದ್ಮೇಲೆ ದಿನಾ ಇದರ ಸ್ವಿಚ್ಚು ಹಾಕ್ಕೊಂಡು ಕೈ ಕಾಯಿಸ್ಕೋತಿದ್ದೆ, ಬೆರಳು ಸೆಟೆದುಕೊಂಡಿದ್ದು ಬಿಡ್ತಿತ್ತು. ನೀನು ತಂದಿಟ್ಟಾಗಿಂದ ಎಷ್ಟು ಹೊತ್ತು ಹಾಕಿದ್ರೂ ಕಲ್ಲು ಮುಟ್ಟಿದ ಹಾಗಿರುತ್ತೆ. ಸರಿಯಾಗಿ ನೋಡಿದೆಯಾ ನೀನು?"

ಬಿಸಿ! ಅದು ತಂತಿಗೆ ಗೊತ್ತಿಲ್ಲದ್ದೇನಲ್ಲ. ಆ ಹಳೆಯ ಆಂಪು ಹಾಡಲಿ ಬಿಡಲಿ, ಸ್ವಿಚ್ಚು ಹಾಕಿದ್ದಷ್ಟೂ ಹೊತ್ತು ಒಲೆಯ ಹಾಗೆ ಕಾಯುತ್ತಿತ್ತು. ಮನೆಯಲ್ಲಿ ಮಂಚದ ಕೆಳಗಿನ ಹಲಗೆಪೆಟ್ಟಿಗೆಗೆ ಅದೇ ಕಾರಣಕ್ಕೆ ಶಪಿಸುತ್ತ ತೂತು ಕೊರೆದಿದ್ದ. ರಿಪೇರಿ ಬೆಂಚಿನ ಮೇಲೆ ಬಿಸಿ ಅಂದರೆ ರೋಗ. ಬೆಂಕಿಪೊಟ್ಟಣದ ಬೋರ್ಡು ತಣ್ಣಗಿದೆ ಅನ್ನುವುದನ್ನು ತಾನು ಡಾಕ್ಟರಿಗೆ ಮಾಡಿದ ಒಂದೇ ಉಪಕಾರ ಅಂತ ಲೆಕ್ಕ ಹಿಡಿದಿದ್ದ. ಕೇಳಲು ಕೂತವರು ಮುಟ್ಟುವುದು ಮುಂದಿನ ನಾಬನ್ನು ಮಾತ್ರ. ಹಾಡು ಬೇಡದ ಒಂದು ಜೀವ ಆ ಮನೆಯಲ್ಲಿ ಆ ಯಂತ್ರವನ್ನು ದಿನಾ ಹಾಕಿಕೊಳ್ಳುತ್ತದೆ ಅನ್ನುವುದು ಕಿವಿ ಇರುವ ಯಾರಿಗೂ ಹೊಳೆಯುವ ಮಾತಾಗಿರಲಿಲ್ಲ. "ಅಮ್ಮ, ನೀನು ಇದನ್ನ ಹಾಕ್ತೀಯಾ?" ಅಂತ ಡಾಕ್ಟರು ನಗುತ್ತಲೇ ಎದ್ದರು. ಎದ್ದವರು ಮೇಜಿನ ಹತ್ತಿರ ಬಂದು, ಜ್ವರದ ಮಗುವಿನ ಹಣೆ ನೋಡುವ ಹಾಗೆ ಅಂಗೈಯನ್ನು ಮುಚ್ಚಳದ ಮೇಲಿಟ್ಟರು. ತೆಗೆದು, ಮಗುಚಿ, ಅಂಗೈಯ ಹಿಂಬದಿಯಿಂದ ಇನ್ನೊಂದು ಸಲ ನೋಡಿದರು. ಕೆಂಪು ದೀಪ ಉರಿಯುತ್ತಲೇ ಇತ್ತು. ಅವರ ಮುಖದ ನಗು ಆರಿತು. "ಏನಿದೆಯೋ ತಂತಿ ಇದರೊಳಗೆ?" ಅಂದರು, ಬಹಳ ಮೆತ್ತಗೆ. ಯಜಮಾನ ಇನ್ನೂ ಅರ್ಥವಾಗದೆ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದ. ಅಜ್ಜಿ ಸೆಟೆದ ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಳ್ಳುತ್ತ, ಯಾರು ಏನು ಅಂದರು ಅಂತ ತಂತಿಯ ತುಟಿಗಳನ್ನೇ ನೋಡುತ್ತ ಕಾಯುತ್ತಿದ್ದರು. ತಂತಿ ಸೋಫಾದಿಂದ ಎದ್ದ. ಕೇಬಲ್ ಚೀಲವನ್ನು ಅಲ್ಲೇ ಬಿಟ್ಟ. ಬಾಗಿಲು ದಾಟಿ, ಮೆಟ್ಟಿಲಿಳಿದು ನಡೆದುಹೋದ.